ಎರಡು ಸಲ ಸೋಲುವ ಹಕ್ಕು

ನ್ಯಾಯ, ಧರ್ಮ ಎಂಬ ವಿಷಯಗಳಲ್ಲಿ ನನಗೆ ಆಸಕ್ತಿ ಹುಟ್ಟುವುದು ಸಾಮಾನ್ಯವಾಗಿ ನಾನು ಸೋತ ಮೇಲೆ. ಗೆದ್ದ ದಿನ ಆಟದ ನಿಯಮಗಳೆಲ್ಲ ನನಗೆ ಬಲು ಚೆನ್ನಾಗಿ ಕಾಣುತ್ತವೆ. ಸೋತ ದಿನ ಮಾತ್ರ ಕೇರಂ ಬೋರ್ಡು ಒಂದು ಕಡೆಗೆ ವಾಲಿದೆ, ಪೌಡರು ಹೆಚ್ಚಾಗಿದೆ, ಎದುರಿಗೆ ಕೂತವನ ತಲೆಯ ನೆರಳು ಸರಿಯಾಗಿ ನನ್ನ ಕಾಯಿಯ ಮೇಲೇ ಬೀಳುತ್ತಿದೆ ಎಂಬ ಸತ್ಯಗಳು ಒಂದೊಂದಾಗಿ ಹೊಳೆಯತೊಡಗುತ್ತವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ಹೆಂಡತಿ ವಸುಧಾ ಹೇಳುತ್ತಾಳೆ. ಆದರೆ ನೆಲ ಕೆಲವು ಸಲ ನಿಜವಾಗಿಯೂ ಡೊಂಕಾಗಿರುತ್ತದೆ ಎನ್ನುವುದನ್ನು ಗಾದೆ ಮಾಡಿದವರು ಯೋಚಿಸಿದಂತಿಲ್ಲ. ಅಂಥ ಒಂದು ನೆಲವನ್ನು ನಾನೇ ನನ್ನ ಕೈಯಾರೆ ಡೊಂಕು ಮಾಡಿದ ಕಥೆ ಇದು.

ವಿಶ್ವಕಪ್ ಬರುತ್ತದೆ ಎಂದು ಇಡೀ ದೋಹಾವನ್ನು ಅಗೆದು ಹಾಕಿದ್ದ ವರ್ಷಗಳವು. ಮುಶೈರಿಬ್‌ನಲ್ಲಿದ್ದ ನನ್ನ ಆಫೀಸಿಗೆ ಬೆಳಿಗ್ಗೆ ಹೋದ ರಸ್ತೆ ಸಂಜೆ ಬರುವಾಗ ಅಲ್ಲಿ ಇರುತ್ತಿರಲಿಲ್ಲ. ಅದರ ಜಾಗದಲ್ಲಿ ಕೆಂಪು ಬಿಳಿ ಬಣ್ಣದ ತಡೆಗಳು, ಆಚೆ ಒಂದು ಕ್ರೇನು, ಈಚೆ ಕೈಯಲ್ಲಿ ಬಾವುಟ ಹಿಡಿದು ಬಿಸಿಲಲ್ಲಿ ನಿಂತ ಒಬ್ಬ ಮನುಷ್ಯ. ಬೈದುಕೊಳ್ಳುತ್ತಲೇ ಓಡಾಡುತ್ತಿದ್ದೆವು. ಈಗ ನುಣ್ಣನೆಯ ರಸ್ತೆಯಲ್ಲಿ ಹತ್ತು ನಿಮಿಷದಲ್ಲಿ ಮನೆ ಸೇರುವಾಗ ಆ ಧೂಳು, ಆ ಗಲಾಟೆ, ಆಗ ಇದ್ದ ಜನ ಎಲ್ಲ ನೆನಪಾಗುತ್ತದೆ. ಅಂದಿನ ಗೆಳೆಯರಲ್ಲಿ ಮುಕ್ಕಾಲು ಪಾಲು ಊರಿಗೆ ಹೊರಟುಹೋದರು. ರಸ್ತೆ ಸರಿಯಾಗುವ ಹೊತ್ತಿಗೆ ಹೋಗಬೇಕಾದ ಮನೆಗಳೇ ಉಳಿದಿರಲಿಲ್ಲ.

ಬಿನ್ ಒಮ್ರಾನ್ ಬಡಾವಣೆಯಲ್ಲಿ ನಾವಿದ್ದ ಕಟ್ಟಡದ ನೆಲಮಹಡಿಯಲ್ಲಿ ಒಂದು ಹಾಲ್ ಇತ್ತು. ವರ್ಷಕ್ಕೊಮ್ಮೆ, ಬಿಸಿಲು ಸ್ವಲ್ಪ ಇಳಿಯುವ ಕಾಲಕ್ಕೆ, ನಾಲ್ಕೈದು ಶುಕ್ರವಾರ ಅಲ್ಲಿ ಕನ್ನಡದವರ ಕೇರಂ ಪಂದ್ಯ. ಮೈಸೂರು, ಮಂಡ್ಯ, ಬೆಂಗಳೂರಿನ ನಾವು ಕೆಲವರು, ಕರಾವಳಿಯವರು ಕೆಲವರು. ನಮ್ಮ ನಡುವೆ ಕನ್ನಡ ಯಾವುದು ಸರಿ ಎಂಬ ವಾದ ಇದ್ದೇ ಇರುತ್ತಿತ್ತು, ಕಾಯಿ ಹೊಡೆಯುವಾಗ ಮಾತ್ರ ಎಲ್ಲರೂ ಮೌನ. ಎಕ್ಸೆಲ್‌ನಲ್ಲಿ ಗೆರೆ ಎಳೆಯಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಪಂದ್ಯದ ಪಟ್ಟಿ ತಯಾರಿಸುವ ಕೆಲಸ ನನಗೆ ಬಿದ್ದಿತ್ತು. ನಾಕೌಟ್ ಪದ್ಧತಿ. ಸೋತರೆ ಖಲಾಸ್, ಉಪ್ಪಿಟ್ಟು ತಿಂದು ಮನೆಗೆ.

ಈ ಪದ್ಧತಿಯಿಂದ ಅತಿ ಹೆಚ್ಚು ತೊಂದರೆಯಾದದ್ದು ಸಂಜೀವಣ್ಣನಿಗೆ. ಕಾರ್ಕಳದ ಕಡೆಯವರು, ದೋಹಾದಿಂದ ಐವತ್ತು ಕಿಲೋಮೀಟರು ಆಚೆಯ ಅಲ್ ಖೋರ್‌ನಲ್ಲಿ ಒಂದು ಕಂಪನಿಯ ಎ.ಸಿ. ದುರಸ್ತಿ ವಿಭಾಗದ ಸೂಪರ್‌ವೈಸರ್. ಹೆಂಡತಿ ಊರಲ್ಲಿ, ಇವರು ಇಲ್ಲಿ, ಹೀಗೇ ಹದಿನಾರು ವರ್ಷ. ಶುಕ್ರವಾರ ಬೆಳಿಗ್ಗೆ ಕಂಪನಿಯ ಬಸ್ಸಿನಲ್ಲಿ ದೋಹಾಕ್ಕೆ ಬಂದು, ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಎಲ್ಲರಿಗೂ ನಮಸ್ಕಾರ ಹೇಳಿ ಕೂತು, ಇಪ್ಪತ್ತು ನಿಮಿಷದಲ್ಲಿ ಸೋಲುತ್ತಿದ್ದರು. ವಾಪಸು ಬಸ್ಸು ಐದು ಗಂಟೆಗೆ. ಅಲ್ಲಿಯವರೆಗೆ ಅವರು ಅಂಕ ಬರೆಯುತ್ತಿದ್ದರು, ಚಹಾ ಹಂಚುತ್ತಿದ್ದರು, ಬೋರ್ಡಿಗೆ ಪೌಡರು ಹಾಕಿ ಅಂಗೈಯಲ್ಲಿ ಸವರುತ್ತಿದ್ದರು. ಪ್ರತಿ ವರ್ಷ ಹೀಗೆ. ಊರಿಗೆ ಹೋದಾಗ ಹೆಂಡತಿ, ಶುಕ್ರವಾರವಾದರೆ ಫೋನೂ ಎತ್ತದೆ ಕೇರಂ ಕೇರಂ ಎನ್ನುತ್ತೀರಲ್ಲ, ಒಂದು ಕಪ್ಪಾದರೂ ತಂದದ್ದುಂಟಾ ಎಂದು ಕೇಳುತ್ತಾರಂತೆ. ನಗುತ್ತಲೇ ಹೇಳುತ್ತಿದ್ದರು. ಆದರೆ ಹೇಳುವಾಗ ಕಣ್ಣು ಮೇಜಿನ ಮೇಲಿದ್ದ ಕಪ್ಪಿನ ಕಡೆಗೆ ಹೋಗುತ್ತಿತ್ತು.

ವಿಶ್ವಕಪ್ಪಿನ ಹಿಂದಿನ ವರ್ಷ ನಾನೂ ಮೊದಲ ಸುತ್ತಿನಲ್ಲೇ ಸೋತೆ. ಸೋಲಿಸಿದವಳು ಮದುವೆಯಾಗಿ ಆಗಷ್ಟೇ ಹಾಸನದಿಂದ ಬಂದಿದ್ದ ಹುಡುಗಿ. ಬೋರ್ಡಿನ ಮುಂದೆ ಕೂರುವ ಮೊದಲು ನನ್ನ ಕಾಲಿಗೆ ಬೇರೆ ನಮಸ್ಕರಿಸಿದ್ದಳು. ಅಂದಿನಿಂದ ನಾಕೌಟ್ ಪದ್ಧತಿ ಎಷ್ಟು ಕ್ರೂರವಾದದ್ದು ಎಂದು ನನಗೆ ಮನವರಿಕೆಯಾಗತೊಡಗಿತು.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಡೆಕ್ಲನ್ ಎಂಬ ಐರಿಷ್ ಪ್ಲಾನಿಂಗ್ ಎಂಜಿನಿಯರ್. ಅವರ ನಾಡಿನಲ್ಲಿ ಗೇಲಿಕ್ ಫುಟ್‌ಬಾಲ್ ಎಂಬ ಒಂದು ಆಟ ಇದೆ. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಲ್ಲಿ ಹಿಡಿದು ಓಡಲೂಬಹುದು. ನಮ್ಮ ಕಡೆ ಶಾಲೆಯಲ್ಲಿ ಮಾಸ್ತರು ಇಲ್ಲದಾಗ ಆಡುತ್ತಿದ್ದೆವಲ್ಲ, ಹೆಚ್ಚುಕಡಿಮೆ ಹಾಗೆ. ಅಲ್ಲಿ ಜಿಲ್ಲೆಗೊಂದು ತಂಡ. ಹುಟ್ಟಿದ ಜಿಲ್ಲೆಗೇ ಆಡಬೇಕು, ಆಡಿದ್ದಕ್ಕೆ ಸಂಬಳವಿಲ್ಲ. ಡೆಕ್ಲನ್ ಚಿಕ್ಕವನಿದ್ದಾಗ ಅಲ್ಲಿಯೂ ನಮ್ಮ ಹಾಗೆಯೇ ಇತ್ತಂತೆ. ಚಳಿಗಾಲವೆಲ್ಲ ಕೆಸರಲ್ಲಿ ತಾಲೀಮು ಮಾಡಿ, ಬೇಸಿಗೆಯ ಮೊದಲ ಭಾನುವಾರ ಒಂದು ಪಂದ್ಯ ಸೋತರೆ ವರ್ಷ ಮುಗಿಯಿತು. ಆಮೇಲೆ ಸಣ್ಣ ಜಿಲ್ಲೆಗಳಿಗೆ ಅನ್ಯಾಯವಾಗುತ್ತದೆಂದು ಹಿರಿಯರು ಸೇರಿ, ಸೋತವರಿಗೆ ಇನ್ನೊಂದು ಅವಕಾಶ ಕೊಟ್ಟರು. ಇದನ್ನು ಕೇಳಿದ್ದೇ ನನಗೆ ರೋಮಾಂಚನವಾಯಿತು. ಡೆಕ್ಲನ್ ಮುಂದೆ ಇನ್ನೂ ಏನೋ ಹೇಳುವವನಿದ್ದ. ನಾನು ಆಗಲೇ ಎಕ್ಸೆಲ್ ತೆರೆದಿದ್ದೆ.

ಸಮಿತಿಯ ಸಭೆಯಲ್ಲಿ ನಾನು ಮಾಡಿದ ಭಾಷಣ ಈಗಲೂ ನೆನಪಿದೆ. ನನಗಾಗಿ ಕೇಳುತ್ತಿಲ್ಲ, ಸಂಜೀವಣ್ಣನಂಥವರಿಗಾಗಿ ಕೇಳುತ್ತಿದ್ದೇನೆ ಎಂದೆ. ಅಷ್ಟು ದೂರದಿಂದ ಬಂದ ಮನುಷ್ಯನನ್ನು ಇಪ್ಪತ್ತು ನಿಮಿಷಕ್ಕೆ ಎಬ್ಬಿಸಿ ಪೌಡರು ಸವರಲು ಹಚ್ಚುವುದು ಕನ್ನಡಿಗರ ಸಂಸ್ಕೃತಿಯೇ ಎಂದೆ. ಮೂಲೆಯಲ್ಲಿ ಕೂತಿದ್ದ ಸಂಜೀವಣ್ಣ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದರು. ಪ್ರಸ್ತಾಪ ಒಮ್ಮತದಿಂದ ಪಾಸಾಯಿತು. ಒಮ್ಮೆ ಸೋತವರು ಎರಡನೇ ಪಟ್ಟಿಗೆ ಇಳಿಯುತ್ತಾರೆ, ಅಲ್ಲೂ ಸೋತರೆ ಮಾತ್ರ ಮನೆಗೆ. ಮೊದಲ ಪಟ್ಟಿಯಲ್ಲಿ ಗೆದ್ದು ಉಳಿದವರಿಗೂ ಎರಡನೇ ಪಟ್ಟಿಯಲ್ಲಿ ಗೆದ್ದು ಉಳಿದವರಿಗೂ ಫೈನಲ್. ಎರಡು ಸಲ ಸೋಲುವ ಹಕ್ಕು ಎಲ್ಲರಿಗೂ ಉಂಟು ಎಂದು ಪಟ್ಟಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ.

ಹೊಸ ಪದ್ಧತಿ ಜಾರಿಗೆ ಬಂದ ಆ ವಿಶ್ವಕಪ್ಪಿನ ವರ್ಷವೇ ಸಂಜೀವಣ್ಣನ ಕೊನೆಯ ವರ್ಷ. ಕಟ್ಟುವ ಕೆಲಸವೆಲ್ಲ ಮುಗಿಯುತ್ತ ಬಂದು ಅವರ ಕಂಪನಿ ಜನರನ್ನು ಕಳಿಸುತ್ತಿತ್ತು, ಇವರ ವೀಸಾ ಕ್ಯಾನ್ಸಲ್ ಆಗುವುದೆಂದು ತಿಳಿದಿತ್ತು. ಚೀಟಿ ಎತ್ತಿದಾಗ ಮೊದಲ ಸುತ್ತಿನಲ್ಲಿ ಅವರಿಗೆ ಬಂದವನು ನಾನು. ಪಾಪ, ಮೊದಲ ಬೋರ್ಡು ಬಿಟ್ಟುಕೊಡೋಣ, ಮನುಷ್ಯನಿಗೆ ಸ್ವಲ್ಪ ಸಂತೋಷವಾಗಲಿ ಎಂದುಕೊಂಡೇ ಕೂತೆ. ಅವರು ನನ್ನ ಅನುಮತಿಗೆ ಕಾಯಲಿಲ್ಲ. ಕೈಯಲ್ಲಿ ಕೆಲಸ ಕಡಿಮೆಯಾಗಿ ತಿಂಗಳುಗಟ್ಟಲೆ ಕೆಲಸಗಾರರ ಕ್ಯಾಂಪಿನಲ್ಲಿ ಕೇರಂ ಆಡಿದ್ದರಂತೆ. ರೆಡ್ ಹಾಕಿ, ಹಿಂದೆಯೇ ಫಾಲೋ ಹಾಕಿ, ಎರಡು ಬೋರ್ಡನ್ನೂ ಮುಗಿಸಿ, ನನ್ನ ಮುಖ ನೋಡಿ ಅವರೇ ಗಾಬರಿಯಾದರು. ನೀರು ತರಲೇ ಎಂದು ಕೇಳಿದರು. ಹಾಲಿನಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಹದಿನಾರು ವರ್ಷದಲ್ಲಿ ಅವರ ಮೊದಲ ಗೆಲುವು ಅದು.

ನಾನು ನನ್ನ ಹಕ್ಕನ್ನು ಚಲಾಯಿಸಿ ಎರಡನೇ ಪಟ್ಟಿಗೆ ಇಳಿದೆ. ಅಲ್ಲಿ ಸೋತು ಮನಸ್ಸು ಮುರಿದವರೇ ಇದ್ದುದರಿಂದ ನನಗೆ ಹಾದಿ ಸುಗಮವಾಯಿತು. ಅತ್ತ ಸಂಜೀವಣ್ಣ ಒಬ್ಬೊಬ್ಬರನ್ನೇ ಮಣಿಸುತ್ತ, ಒಂದು ಪಂದ್ಯವನ್ನೂ ಸೋಲದೆ, ಪ್ರತಿ ಶುಕ್ರವಾರ ಇನ್ನಷ್ಟು ಚೆನ್ನಾಗಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬರುತ್ತಿದ್ದರು. ಕೊನೆಯ ಶುಕ್ರವಾರ ಫೈನಲ್. ನಾನು ಮತ್ತು ಅವರು.

ಮೂರು ಬೋರ್ಡಿನ ಪಂದ್ಯ, ಒಂದೊಂದು ಗೆದ್ದಿದ್ದೆವು. ಮೂರನೆಯದರಲ್ಲಿ ಇಬ್ಬರಿಗೂ ಒಂದೊಂದೇ ಕಾಯಿ ಬಾಕಿ, ಸರದಿ ನನ್ನದು. ಹೊರಗೆ ಅಲ್ ಖೋರ್ ಬಸ್ಸು ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಈ ಘಟ್ಟದಲ್ಲಿ ಬಿಟ್ಟುಕೊಡುವ ಯೋಚನೆ ಬಂತೇ ಎಂದು ನೀವು ಕೇಳಬಹುದು. ಬಂತು. ಸಂಜೀವಣ್ಣ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಕೂತ ರೀತಿ ನೋಡಿ ಬಂತು. ಆದರೆ ಮನಸ್ಸಿಗೆ ಬಂದದ್ದು ಬೆರಳಿಗೆ ಇಳಿಯಲಿಲ್ಲ. ಕಾಯಿ ಸದ್ದಿಲ್ಲದೆ ಒಳಗೆ ಹೋಯಿತು. ಸಂಜೀವಣ್ಣ ನನ್ನ ಕೈಕುಲುಕಿ, ಎರಡನೇ ಬಹುಮಾನವಾದ ಹಾಟ್‌ಬಾಕ್ಸ್ ಸೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಬಸ್ಸಿಗೆ ಓಡಿದರು. ಫೋಟೋಗೂ ನಿಲ್ಲಲಾಗಲಿಲ್ಲ. ಫೋಟೋದಲ್ಲಿ ಕಪ್ಪು ಹಿಡಿದು ನಾನೊಬ್ಬನೇ ಇದ್ದೇನೆ, ಬಾಯಿ ತೆರೆದುಕೊಂಡು.

ವಾರದ ರಜೆ ಮುಗಿದು ಭಾನುವಾರ ಆಫೀಸಿನಲ್ಲಿ ಆ ಫೋಟೋವನ್ನೂ ಪಟ್ಟಿಯನ್ನೂ ಡೆಕ್ಲನ್‌ಗೆ ತೋರಿಸಿದೆ. ನಿನ್ನ ನಾಡಿನ ಪದ್ಧತಿ, ನೋಡು ಎಂದೆ. ಅವನು ಪಟ್ಟಿಯ ಮೇಲೆ ಪೆನ್ಸಿಲ್ ಓಡಿಸುತ್ತ ಬಂದು ಫೈನಲ್ ಹತ್ತಿರ ನಿಲ್ಲಿಸಿದ. ಎರಡು ಸಲ ಸೋತರೆ ಮಾತ್ರ ಮನೆಗೆ ಎಂದು ಬರೆದಿದ್ದೀಯಲ್ಲ, ಈ ಮನುಷ್ಯ ಸೋತದ್ದು ಒಂದೇ ಸಲ, ಇವನ ಎರಡನೇ ಅವಕಾಶ ಎಲ್ಲಿ ಎಂದು ಕೇಳಿದ. ನಾನು ಪಟ್ಟಿಯನ್ನು ತಿರುಗಿಸಿ ನೋಡಿದೆ. ಹಿಂಬದಿ ಖಾಲಿ ಇತ್ತು. ನಾನು ಒಮ್ಮೆ ಸೋತಿದ್ದೆ, ಸಂಜೀವಣ್ಣನೂ ಒಮ್ಮೆ ಸೋತಿದ್ದರು, ಕಪ್ಪು ಮಾತ್ರ ನನ್ನ ಮನೆಯಲ್ಲಿತ್ತು. ಇನ್ನೊಂದು ಪಂದ್ಯ ಆಡಿಸಬೇಕಾಗಿತ್ತು ಎಂಬುದು ಹಾಲಿನಲ್ಲಿದ್ದ ಅಷ್ಟು ಜನ ಎಂಜಿನಿಯರುಗಳಲ್ಲಿ, ಅಕೌಂಟೆಂಟುಗಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅಂದು ನಾನು ಕೇಳದೆ ಬಿಟ್ಟಿದ್ದ ಅರ್ಧ ಕಥೆಯನ್ನು ಡೆಕ್ಲನ್ ಈಗ ಹೇಳಿದ. ಹೊಸ ಪದ್ಧತಿ ಬಂದ ಮೇಲೆ ಒಂದು ಬೇಸಿಗೆ ಅವರ ಪುಟ್ಟ ಜಿಲ್ಲೆ ಪಕ್ಕದ ದೊಡ್ಡ ಜಿಲ್ಲೆಯನ್ನು ಸೋಲಿಸಿತಂತೆ. ಅವನ ಅಪ್ಪ ಮೈದಾನದಲ್ಲೇ ಕೂತು ಅತ್ತರಂತೆ. ಕೆಲವು ವಾರ ಕಳೆಯುವಷ್ಟರಲ್ಲಿ ಅದೇ ದೊಡ್ಡ ಜಿಲ್ಲೆ ಇನ್ನೊಂದು ದಾರಿಯಿಂದ ಮತ್ತೆ ಎದುರಿಗೆ ಬಂದು ಇವರನ್ನು ಬಡಿದು ಮುಂದೆ ಹೋಯಿತು. ಸಣ್ಣವರಿಗೆಂದು ತೆರೆದ ದಾರಿಯಲ್ಲಿ ದೊಡ್ಡವರೇ ಹೆಚ್ಚು ಓಡಾಡಿದರು ಎಂದ. "ಮೊದಲು ಸೋತವನಿಗೆ ಅನ್ಯಾಯವಾಗುತ್ತಿತ್ತು. ಈಗ ಗೆದ್ದವನಿಗೆ ಆಗುತ್ತದೆ" ಎಂದು ಹೇಳಿ ತನ್ನ ಕೆಲಸಕ್ಕೆ ತಿರುಗಿದ.

ಮುಂದಿನ ಶುಕ್ರವಾರ ಕಪ್ಪನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಅಲ್ ಖೋರ್‌ಗೆ ಹೋದೆ. ಸಂಜೀವಣ್ಣ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು, ಹೊರಡಲು ಎರಡು ದಿನವಿತ್ತು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಲೆಕ್ಕದ ಪ್ರಕಾರ ಇನ್ನೊಂದು ಪಂದ್ಯ ಬಾಕಿ ಇದೆ, ಈಗಲೇ ಆಡೋಣ, ಆಡದಿದ್ದರೆ ಕಪ್ಪು ನೀವೇ ಇಟ್ಟುಕೊಳ್ಳಿ ಎಂದೆ. ಅವರು ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿಸಿಕೊಂಡರು. ಗಂಟು ಹಾಕಿದ ಮೇಲೆ ಹೇಳಿದರು:

"ಬೇಡ ಮಾರಾಯ್ರೆ. ಆ ಲೆಕ್ಕ ಎಲ್ಲ ನನಗೆ ಅವತ್ತು ಬಸ್ಸಲ್ಲೇ ಗೊತ್ತಾಗಿದೆ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಸಂಜೀವಣ್ಣ?"

"ಮತ್ತೆಂತ ಮಾಡುವುದು? ನೀವು ನನಗೋಸ್ಕರ ಅಷ್ಟು ಭಾಷಣ ಮಾಡಿದವರು. ನಿಮ್ಮನ್ನು ಒಂದು ಸಲ ಸೋಲಿಸಿದ್ದು ಉಂಟಲ್ಲ, ನನಗೆ ಅದು ಸಾಕು. ಊರಲ್ಲಿ ಅದನ್ನು ಹೇಳ್ತೇನೆ. ಇನ್ನೊಂದು ಆಡಿದ್ರೆ ಅದೂ ಹೋಗ್ತದೆ."

ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಪ್ಪನ್ನು ಅವರು ಮುಟ್ಟಲೂ ಇಲ್ಲ. ಕುಚ್ಚಲಕ್ಕಿ ಅನ್ನದ ಜೊತೆ, ಮೀನು ತಿನ್ನದ ನನಗಾಗಿ ಬೇರೆ ಮಾಡಿದ ಸೌತೆಕಾಯಿ ಹುಳಿ ಬಡಿಸಿ, ಕಾರಿನವರೆಗೆ ಬಂದು ಬೀಳ್ಕೊಟ್ಟರು. ಅವರ ಕೋಣೆಯಿಂದ ದೂರದಲ್ಲಿ ದೊಡ್ಡ ಬಿಳಿ ಡೇರೆಯ ಆಕಾರದ ಸ್ಟೇಡಿಯಂ ಕಾಣುತ್ತಿತ್ತು. ಅಲ್ಲಿ ಮೊದಲ ಪಂದ್ಯದ ದೀಪ ಹೊತ್ತಿದ ದಿನ ಅವರು ಕಾರ್ಕಳದಲ್ಲಿ ಟೀವಿಯ ಮುಂದಿದ್ದರು. ಆ ವಿಶ್ವಕಪ್ಪಿನಲ್ಲಿ ಮೊದಲ ಪಂದ್ಯವನ್ನೇ ಸೋತ ತಂಡ ಕೊನೆಗೆ ಕಪ್ಪು ಎತ್ತಿದಾಗ ಇಡೀ ದೋಹಾ ಕುಣಿಯಿತು. ನಾನೊಬ್ಬ ಮಾತ್ರ ಆ ತಂಡವನ್ನು ಮೊದಲು ಸೋಲಿಸಿದವರು ಆ ಹೊತ್ತು ಏನು ಮಾಡುತ್ತಿರಬಹುದೆಂದು ಯೋಚಿಸುತ್ತಿದ್ದೆ.

ಹೋದ ವರ್ಷ ಕಾರ್ಕಳದಿಂದ ಹೊಸದಾಗಿ ಕೆಲಸಕ್ಕೆ ಬಂದ ಒಬ್ಬರು, ಪ್ರಭಾಕರ ಎಂದು, ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನನ್ನ ಹೆಸರು ಕೇಳಿದ್ದೇ ಅವರ ಮುಖ ಅರಳಿತು. "ಓ, ನಮ್ಮ ಸಂಜೀವಣ್ಣ ಕೇರಮ್ಮಲ್ಲಿ ಸೋಲಿಸಿದ ಮೂರ್ತಿ ಸರ್ ನೀವೇಯಾ?" ಎಂದರು. ಅಲ್ಲಿ ಮದುವೆ, ಗೃಹಪ್ರವೇಶ ಎಲ್ಲಿ ನಾಲ್ಕು ಜನ ಸೇರಿದರೂ ಆ ಕಥೆ ಬರುತ್ತದಂತೆ. ಎರಡು ಬೋರ್ಡು, ರೆಡ್ಡು, ಫಾಲೋ, ನಾನು ನೀರು ಕುಡಿದದ್ದು, ಎಲ್ಲ ಅವರಿಗೆ ಬಾಯಿಪಾಠ. ನಾನೇ ಎಂದು ಒಪ್ಪಿಕೊಂಡೆ. ಅಷ್ಟರಲ್ಲಿ ಅವರ ಕಣ್ಣು ಶೋಕೇಸಿನ ಕಪ್ಪಿನ ಮೇಲೆ ಬಿತ್ತು. ಇದು ಯಾರು ಗೆದ್ದದ್ದು ಎಂದು ಕೇಳಿದರು. ಉತ್ತರ ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿ, ನನ್ನ ಹೆಂಡತಿಯದ್ದು, ಥ್ರೋಬಾಲ್‌ನಲ್ಲಿ ಎಂದೆ. ಬದುಕಿನಲ್ಲಿ ನಾನು ಬೇಕೆಂದೇ ಬಿಟ್ಟುಕೊಟ್ಟ ಆಟ ಅದೊಂದೇ.

ಥ್ರೋಬಾಲನ್ನು ಕೈಯಲ್ಲೂ ಮುಟ್ಟದ ವಸುಧಾ ಸಾರಿನ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಒಂದು ಸಲ ನೋಡಿದಳು. ಆಮೇಲೆ, ಅಷ್ಟೇನೂ ದೊಡ್ಡ ಪಂದ್ಯ ಅಲ್ಲ ಬಿಡಿ ಎಂದು ಪ್ರಭಾಕರರಿಗೆ ಬಲು ವಿನಯದಿಂದ ಹೇಳಿದಳು. ಸುದ್ದಿ ಹರಡಿದೆ. ಈಗ ಹೊಸಬರು ಅವಳನ್ನು ಕ್ರೀಡಾ ಸಮಿತಿಗೆ ಸೇರಿಸಿಕೊಂಡಿದ್ದಾರೆ, ಹೋದ ಶುಕ್ರವಾರ ಹೆಂಗಸರ ಥ್ರೋಬಾಲ್ ಪಂದ್ಯವನ್ನು ಅವಳೇ ಉದ್ಘಾಟಿಸಿ ಸೋಲು ಗೆಲುವುಗಳ ಬಗ್ಗೆ ಎರಡು ಮಾತಾಡಿದಳು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಮನೆಗೆ ಬರುವಾಗ ಕಾರಿನಲ್ಲಿ, ಆ ಕಪ್ಪಿಗೆ ಧೂಳು ಕೂತಿದೆ, ನನ್ನ ಕಪ್ಪನ್ನು ಯಾರೂ ಒರೆಸುವುದೇ ಇಲ್ಲ ಎಂದು ಆಕ್ಷೇಪಿಸಿದಳು. ಒರೆಸಿಟ್ಟಿದ್ದೇನೆ.