ಸೂಜಿ ಮುಟ್ಟದ ಶ್ರೇಷ್ಠತೆ

ಯಾವ ರೆಕಾರ್ಡು ಶ್ರೇಷ್ಠ, ಯಾವುದು ಗುಜರಿ ಎಂಬ ವಿಷಯದಲ್ಲಿ ಜನರ ಅಭಿಪ್ರಾಯ ಒಬ್ಬೊಬ್ಬರದು ಒಂದೊಂದು ರೀತಿ ಇರುವುದು ಆಡಳಿತಕ್ಕೆ ಅನಾನುಕೂಲವೆಂದು ಮನಗಂಡ ನಗರ ರೇಡಿಯೋ ಕೇಂದ್ರವು, ಆ ಪ್ರಶ್ನೆಯನ್ನು ಶಾಶ್ವತವಾಗಿ ಬಗೆಹರಿಸಿತು. ಹೊಣೆಯನ್ನು ಉಗ್ರಾಣಾಧಿಕಾರಿಗಳಿಗೆ ವಹಿಸಲಾಯಿತು. ಹಿಂದಿನ ವರ್ಷ ಕೇಂದ್ರದ ಕುರ್ಚಿಗಳನ್ನು ವಿಂಗಡಿಸಿ ಹೆಸರು ಗಳಿಸಿದವರು ಅವರೇ. ಯಾರೂ ಕೂರದ ಕುರ್ಚಿಗಳನ್ನು ಉತ್ತಮವೆಂದು ಬೀಗ ಹಾಕಿ ಇಟ್ಟು, ಕೂತು ಸವೆದವನ್ನು ವಿಲೇವಾರಿ ಮಾಡಿದ್ದರಿಂದ ಸಿಬ್ಬಂದಿ ಈಗ ನಿಂತೇ ಕೆಲಸ ಮಾಡುತ್ತಾರೆ. ಕುರ್ಚಿಗಳ ಸ್ಥಿತಿ ಮಾತ್ರ ಕಣ್ಣು ತುಂಬುವ ಹಾಗಿದೆ.

ಅದೇ ನಿಯಮ ರೆಕಾರ್ಡುಗಳಿಗೂ ಬಂತು. ಸುತ್ತೋಲೆ ಹೀಗಿತ್ತು: "ಪದೇ ಪದೇ ನುಡಿಸಿದ ರೆಕಾರ್ಡು ಸವೆದಿರುತ್ತದೆ. ಸವೆದದ್ದು ಶ್ರೇಷ್ಠವಾಗಿರಲು ಸಾಧ್ಯವಿಲ್ಲ. ಆದಕಾರಣ ಈವರೆಗೆ ಯಾರೂ ಕೇಳದ ರೆಕಾರ್ಡುಗಳನ್ನು ಮಾತ್ರ ಶ್ರೇಷ್ಠವೆಂದು ಪರಿಗಣಿಸಿ ಗಾಜಿನ ಬೀರುವಿನಲ್ಲಿಡತಕ್ಕದ್ದು. ಉಳಿದವನ್ನು ಕರಗಿಸಿ ಬಕೆಟ್ ಮಾಡಿಸತಕ್ಕದ್ದು."

ಇದನ್ನು ಓದಿ ರೆಕಾರ್ಡು ಕೋಣೆಯ ಪಾಲಕನ ಎದೆ ಧಸಕ್ಕೆಂದಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ, ಕಬ್ಬಿಣದ ಕಪಾಟುಗಳ ನಡುವೆ ಅವನ ತಲೆಗೂದಲು ನರೆತಿತ್ತು. ವಾರಕ್ಕೊಮ್ಮೆ ಸಂಜೆ 'ನನಗೆ ಹಿಡಿಸಿದ್ದು' ಎಂಬ ಕಾರ್ಯಕ್ರಮ ನಡೆಸುತ್ತಿದ್ದ. ಹಳೆಯ ಮೇರು ಗಾಯಕರ ರೆಕಾರ್ಡೊಂದು, ಯಾವ ಕಂಪನಿಯೂ ಮೂಸಿ ನೋಡದ ಅಂಡರ್‌ಗ್ರೌಂಡ್ ಹಿಪ್‌ಹಾಪ್ ರೆಕಾರ್ಡೊಂದು, ಎರಡರ ನಡುವೆ ತನ್ನ ಮನಸ್ಸಿಗೆ ತೋಚಿದ ಮಾತು. ಇಷ್ಟವಾಗದ ಹಾಡನ್ನು ಮೈಕಿನಲ್ಲೇ ಬೈಯುತ್ತಿದ್ದ. ಕೇಳುಗರಿಗೆ ಬೈಗುಳವೇ ಹೆಚ್ಚು ಹಿಡಿಸುತ್ತಿತ್ತು.

ಅವನು ಅತಿ ಹೆಚ್ಚು ಸಲ ಹಾಕಿದ್ದು ಸ್ವಂತ ಅಕ್ಕನ ರೆಕಾರ್ಡು. ಅಕ್ಕ ಈಗ ಲಾಂಡ್ರಿಯೊಂದರಲ್ಲಿ ಇಸ್ತ್ರಿ ವಿಭಾಗದ ಮುಖ್ಯಸ್ಥೆ. ಹುಡುಗಿಯಾಗಿದ್ದಾಗ ಅದೇ ಲಾಂಡ್ರಿಯ ಹಿಂಭಾಗದಲ್ಲಿ, ಸದ್ದು ಹೊರಹೋಗದಂತೆ ಗೋಡೆಗೆ ಹಾಸಿಗೆ ಒರಗಿಸಿ, ಬಟ್ಟೆ ಒಗೆಯುವ ಯಂತ್ರದ ಧಡಧಡವನ್ನೇ ತಾಳ ಮಾಡಿಕೊಂಡು ರ‍್ಯಾಪ್ ಮಾಡಿ, ಅದನ್ನೇ ರೆಕಾರ್ಡು ಮಾಡಿಸಿದ್ದಳು. ಒಳಗೆ ಯಾರೂ ನುಗ್ಗದಂತೆ ಹೊರಗೆ ಕಾವಲು ನಿಂತವನು ಇವನೇ. ಹಾಡು ಅವರ ಮನೆ ಮಾಲೀಕನ ಕುರಿತಾಗಿತ್ತು. ಅದೇ ಮಾಲೀಕ ಮನೆ ಖಾಲಿ ಮಾಡಿಸಿ ಸಾಮಾನು ಬೀದಿಗೆಸೆದಾಗ ರೆಕಾರ್ಡುಗಳೆಲ್ಲ ಚೂರಾಗಿ, ಒಂದೇ ಒಂದು ಪ್ರತಿ ಉಳಿದಿತ್ತು. ಆ ಪ್ರತಿ ರೇಡಿಯೋ ಕೇಂದ್ರದಲ್ಲಿತ್ತು, ಚೆನ್ನಾಗಿಯೇ ಸವೆದಿತ್ತು. ಅದು ಬಕೆಟ್ ಆಗುವುದನ್ನು ನೆನೆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಪರಿಶೀಲನೆಯ ದಿನ ಉಗ್ರಾಣಾಧಿಕಾರಿಗಳು ತಮ್ಮ ಗುಮಾಸ್ತನೊಂದಿಗೆ ಬಂದು, ಕುರ್ಚಿಯಿಲ್ಲದ ಕಾರಣ ನಿಂತುಕೊಂಡರು. ಪಾಲಕ ರೆಕಾರ್ಡು ಹಾಕಿದ.

"ಬಾಗಿಲು ತಟ್ಟಿದ, ತಟ್ಟಿದ, ತಟ್ಟಿದ, ಮಾಲೀಕ ಬಾಗಿಲು ತಟ್ಟಿದ, ತಟ್ಟಿದ..."

"ನಿಲ್ಲಿಸ್ರೀ, ಸೂಜಿ ಸಿಕ್ಕಿಕೊಂಡಿದೆ."

"ಇಲ್ಲ ಸಾರ್, ಹಾಡೇ ಹಾಗೆ."

"ಎಷ್ಟು ಸಲ ತಟ್ತಾನೆ?"

"ಬಾಗಿಲು ತೆಗೆಯೋವರೆಗೂ ಸಾರ್."

"ತೆಗೀಬೇಕಿತ್ತು," ಎಂದು ಅಧಿಕಾರಿಗಳು ಕಟ್ಟುನಿಟ್ಟಾಗಿ ಹೇಳಿದರು. ಅಷ್ಟರಲ್ಲಿ ರೆಕಾರ್ಡು ಕರಕರ, ಪರಪರ ಎಂದಿತು. "ಇದೇನು?"

"ಅದು ಬೇಕಂತಲೇ ಮಾಡಿದ್ದು ಸಾರ್. ರೆಕಾರ್ಡನ್ನ ಕೈಯಲ್ಲಿ ಹಿಂದಕ್ಕೆ ಮುಂದಕ್ಕೆ ಎಳೆದಾಗ ಬರೋ ಸದ್ದು. ಹಿಪ್‌ಹಾಪ್‌ನಲ್ಲಿ ಅದೇ ವಾದ್ಯ."

"ರೆಕಾರ್ಡನ್ನ ಕೈಯಲ್ಲಿ ಎಳೆದಾಡಿದ್ದನ್ನ ಒಪ್ಪಿಕೊಂಡ್ರು, ಬರಕೊಳ್ಳಿ," ಎಂದರು ಅಧಿಕಾರಿಗಳು. ಗುಮಾಸ್ತ ಬರೆದುಕೊಂಡ.

ಪಾಲಕ ಕೈಮುಗಿದ. ಎರಡನೇ ಪದ್ಯಕ್ಕೆ ಮುಂಚೆ ಅಕ್ಕ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ, ಅದನ್ನು ಕೇಳಿದಾಗಲೆಲ್ಲ ನನಗೆ ಅಳು ಬರುತ್ತದೆ, ಇದಕ್ಕಿಂತ ಪ್ರೀತಿಯ ರೆಕಾರ್ಡು ನನಗೆ ಬೇರಿಲ್ಲ ಎಂದ. ಅಧಿಕಾರಿಗಳು ಕಲ್ಲುಹೃದಯದವರೇನಲ್ಲ. ವೈಯಕ್ತಿಕ ಅನಿಸಿಕೆಗೂ ನಿಯಮದಲ್ಲಿ ಅವಕಾಶವಿದೆ, ಅನಿಸಿದ್ದಕ್ಕೆ ಸಾಕ್ಷಿ ಬೇಕು ಅಷ್ಟೆ ಎಂದರು. ಪಾಲಕ ಹೆಂಡತಿಯನ್ನು ಕರೆಸಿದ.

"ಇವರು ಈ ಹಾಡು ಕೇಳಿ ಕಣ್ಣೀರು ಹಾಕಿದ್ದನ್ನ ನೀವು ನೋಡಿದ್ದೀರಾ?"

"ನೋಡಿದ್ದೀನಿ ಸಾರ್. ನಮ್ಮ ಮದುವೆ ದಿನಾನೂ ಇಷ್ಟು ಅತ್ತಿರಲಿಲ್ಲ."

"ಆಗ ಈರುಳ್ಳಿ ಹೆಚ್ಚುತ್ತಿದ್ದರೇ?"

"ಇವರಾ? ಈರುಳ್ಳಿ ಎಲ್ಲಿಟ್ಟಿದೆ ಅಂತಾನೂ ಇವರಿಗೆ ಗೊತ್ತಿಲ್ಲ."

ಸಾಕ್ಷ್ಯ ಸ್ವೀಕೃತವಾಯಿತು. ಆದರೆ ಅದರಿಂದ ಕೆಲಸ ಕೆಟ್ಟಿತು. ಅತ್ತದ್ದು ರುಜುವಾತಾದರೆ ಕೇಳಿದ್ದೂ ರುಜುವಾತಾದಂತೆ. ಕೇಳಿದ್ದು ರುಜುವಾತಾದರೆ ಸವೆಸಿದ್ದೂ ರುಜುವಾತಾದಂತೆ. ರೆಕಾರ್ಡನ್ನು ಬಕೆಟ್ ಸಾಲಿಗೆ ಸೇರಿಸಲಾಯಿತು. "ಏನ್ರೀ, ನಾನು ಏನಾದ್ರೂ ತಪ್ಪು ಹೇಳಿದ್ನಾ?" ಎಂದು ಹೆಂಡತಿ ದಾರಿಯುದ್ದಕ್ಕೂ ಕೇಳಿದಳು. ನಿಜ ಹೇಳಿದ್ದೊಂದೇ ತಪ್ಪು ಎಂದ ಅವನು.

ದಾರಿ ತೋರಿಸಿದವನು ಗುಮಾಸ್ತ. ಮರುದಿನ ಮೆಟ್ಟಿಲ ಬಳಿ ಪಾಲಕನನ್ನು ತಡೆದು, "ತಲೆ ಕೆಡಿಸ್ಕೋಬೇಡಿ. ಈ ಹಾಡನ್ನ ನಾನು ಯಾವತ್ತೂ ಕೇಳಿಲ್ಲ ಅಂತ ನೀವು ಬರಕೊಡಿ, ಯಾವತ್ತೂ ಹಾಡಿಲ್ಲ ಅಂತ ನಿಮ್ಮಕ್ಕ ಬರಕೊಡಲಿ. ಸವೆತ ತಾನಾಗೇ ಆದದ್ದು ಅಂತಾಗುತ್ತೆ. ಬೀರುಗೆ ಸೇರುತ್ತೆ," ಎಂದ.

ಪಾಲಕ ನೇರ ಲಾಂಡ್ರಿಗೆ ಓಡಿದ. ಅಕ್ಕ ಅಂಗಿಯೊಂದರ ಕಾಲರಿನೊಂದಿಗೆ ಗುದ್ದಾಡುತ್ತಿದ್ದಳು.

"ನಾನು ಹಾಡೇ ಇಲ್ಲ ಅಂತ ನಾನೇ ಸಹಿ ಹಾಕ್ಬೇಕೇನೋ?"

"ಹೂಂ ಅಕ್ಕ. ಇಲ್ಲದಿದ್ರೆ ಬಕೆಟ್ ಮಾಡ್ತಾರೆ."

"ಬಕೆಟ್ಟಾದ್ರೆ ಆಗ್ಲಿ ಬಿಡೋ. ಯಾರಾದ್ರೂ ನೀರಾದ್ರೂ ತುಂಬ್ತಾರೆ."

"ಶ್ರೇಷ್ಠ ಅಂತ ಬೋರ್ಡು ಹಾಕ್ತಾರೆ ಅಕ್ಕ. ಗಾಜಿನ ಬೀರು, ಒಳಗೆ ದೀಪ."

ಇಸ್ತ್ರಿ ಪೆಟ್ಟಿಗೆ ತುಸು ಹೊತ್ತು ಗಾಳಿಯಲ್ಲೇ ನಿಂತಿತು. "ಬೋರ್ಡಲ್ಲಿ ನನ್ನ ಹೆಸರಿರುತ್ತಾ?"

"ಹಾಡಿದವರ ಹೆಸರು ಹಾಕ್ತಾರೆ. ಆದ್ರೆ ನೀನು ಹಾಡಿಲ್ಲವಲ್ಲ."

"ಅದೂ ಸರಿ," ಎಂದು ಅಕ್ಕ ಒದ್ದೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಪಾಲಕನೂ ಹಾಕಿದ. ರೆಕಾರ್ಡು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ.

ಅಲ್ಲಿಂದ ಮುಂದೆ ಎಲ್ಲವೂ ಸುಸೂತ್ರ. ಯಾರೂ ಹಾಡದ, ಯಾರೂ ಕೇಳದ, ಆದರೂ ಮುದ್ರಣಗೊಂಡ ಏಕೈಕ ರೆಕಾರ್ಡೆಂದು ಅದಕ್ಕೆ ಮೊದಲ ದರ್ಜೆಯ ಶ್ರೇಷ್ಠತೆ ದಕ್ಕಿತು. ಮುನ್ನೆಚ್ಚರಿಕೆಯಾಗಿ ಕೇಂದ್ರದ ಸೂಜಿಗಳನ್ನೆಲ್ಲ ಸಂಗ್ರಹಿಸಿ ಬೀಗ ಹಾಕಲಾಯಿತು. 'ನನಗೆ ಹಿಡಿಸಿದ್ದು' ನಿಲ್ಲಲಿಲ್ಲ. ಪಾಲಕ ತಾನು ಕೇಳದ ರೆಕಾರ್ಡುಗಳ ಬಗ್ಗೆ ತನ್ನ ಅನಿಸಿಕೆಗಳನ್ನು ಹೇಳತೊಡಗಿದ. ಈಚೆಗೆ ಅಭಿರುಚಿ ಸುಧಾರಿಸಿದೆ ಎಂದು ಕೇಳುಗರು ಫೋನ್ ಮಾಡಿದರು.

ರೆಕಾರ್ಡನ್ನು ಬೀರುವಿಗೆ ಸೇರಿಸುವ ಸಮಾರಂಭಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಅಂದೊಂದು ದಿನಕ್ಕೆ ಉತ್ತಮ ಸ್ಥಿತಿಯ ಕುರ್ಚಿಗಳನ್ನು ಹೊರತಂದು, ಅವುಗಳ ಪಕ್ಕದಲ್ಲಿ ನಿಲ್ಲಲು ಸಾರ್ವಜನಿಕರಿಗೆ ಅನುಮತಿ ನೀಡಲಾಗಿತ್ತು. ಕೇಂದ್ರದ ನಿರ್ದೇಶಕರು ಭಾಷಣ ಮಾಡಿ, "ಈಗ ಈ ಮೇರುಕೃತಿಯನ್ನು ಆಲಿಸೋಣ," ಎಂದರು. ಸೂಜಿಯಿಲ್ಲದ ಯಂತ್ರದ ಮೇಲೆ ರೆಕಾರ್ಡು ಸದ್ದಿಲ್ಲದೆ ತಿರುಗಿತು. ಜನ ತಲೆದೂಗಿದರು. ಕೆಲವರು ಕಾಲಿನಿಂದ ತಾಳ ಹಾಕಿದರು. ಮೂಲೆಯಲ್ಲಿದ್ದ ಒಬ್ಬರು ಕಣ್ಣೊರೆಸಿಕೊಂಡರು. ನೇರ ಪ್ರಸಾರ ಕೇಳಿದವರೆಲ್ಲ, ಒಂಚೂರೂ ಕರಕರ ಇಲ್ಲ, ಎಷ್ಟು ಸ್ವಚ್ಛವಾಗಿ ಬರುತ್ತಿದೆ ಎಂದು ಹೊಗಳಿದರು. ಮುಗಿದಾಗ ಇನ್ನೊಮ್ಮೆ ಇನ್ನೊಮ್ಮೆ ಎಂಬ ಕೂಗೆದ್ದು, ರೆಕಾರ್ಡನ್ನು ಮತ್ತೆ ತಿರುಗಿಸಲಾಯಿತು.

ಮುಂದಿನ ಸಾಲಿನಲ್ಲಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. ರೆಕಾರ್ಡು ತಿರುಗುವುದನ್ನೇ ನೋಡುತ್ತಾ, ತುಟಿಯಲ್ಲೇ ಶುರು ಮಾಡಿ, ಆಮೇಲೆ ದನಿಯೆತ್ತಿದಳು. "ಬಾಗಿಲು ತಟ್ಟಿದ, ತಟ್ಟಿದ..."

ಸಭೆಯಲ್ಲಿ ಗುಸುಗುಸು ಎದ್ದಿತು. ಉಗ್ರಾಣಾಧಿಕಾರಿಗಳು ಪಾಲಕನತ್ತ ತಿರುಗಿ ನೋಡಿದರು. ಪಾಲಕ ಬಗ್ಗಿ ಅಕ್ಕನ ಕಿವಿಯಲ್ಲಿ, "ಸುಮ್ನಿರು ಅಕ್ಕ, ಸವೆದುಹೋಗುತ್ತೆ," ಎಂದ.

"ಹೌದಲ್ವಾ, ಮರೆತೇಬಿಟ್ಟಿದ್ದೆ ನೋಡು," ಎಂದು ಅಕ್ಕ ಬಾಯಿ ಮುಚ್ಚಿದಳು. ಸಭೆ ಚಪ್ಪಾಳೆ ತಟ್ಟಿತು. ಆಕೆಯ ದನಿ ಉತ್ತಮ ಸ್ಥಿತಿಯಲ್ಲಿದೆ ಎಂದು ಗುಮಾಸ್ತ ಅಲ್ಲೇ ಬರೆದುಕೊಂಡ.