ಮಾವನ ಕಾರು ಬೆಳಗಾವಿಗೆ ಹೊರಟದ್ದು

ನಮ್ಮ ಸೋದರಮಾವ ತಮ್ಮ ಸ್ಪೋರ್ಟ್ಸ್ ಕಾರನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ನಂಬಿಕೆ ಬಾರದಿದ್ದರೆ ರಾಜಾಜಿನಗರದ ಅವರ ಬೀದಿಯಲ್ಲಿ ಯಾರನ್ನಾದರೂ ಕೇಳಿ. ಎರಡೇ ಸೀಟಿನ ಆ ಕೆಂಪು ವಿಲಾಯಿತಿ ಕಾರು ನಾನು ಹುಟ್ಟುವ ಮುಂಚೆಯೇ ಓಡುವುದನ್ನು ನಿಲ್ಲಿಸಿತ್ತು. ಮಾವ ನಿಲ್ಲಿಸಿರಲಿಲ್ಲ! ದಿನಾ ಬೆಳಿಗ್ಗೆ ಪೋರ್ಟಿಕೋದಲ್ಲಿ ಅದರೊಳಗೆ ಕೂತು ಕಾಫಿ ಕುಡಿದು, ಪೇಪರ್ ಓದಿ, ಸ್ಟೀರಿಂಗ್ ತಿರುಗಿಸಿಯೇ ಇಳಿಯುತ್ತಿದ್ದರು. ಚಿಕ್ಕಂದಿನಲ್ಲಿ ಪಕ್ಕದ ಸೀಟು ನನ್ನದು. ನಿಂತಲ್ಲೇ ಊಟಿಗೆ ಎಷ್ಟು ಸಲ ಹೋಗಿ ಬಂದಿದ್ದೇವೋ! ಘಾಟಿಯ ತಿರುವು ಬಂದಾಗ ಇಬ್ಬರೂ ಒಂದೇ ಕಡೆಗೆ ವಾಲುತ್ತಿದ್ದೆವು.

ಕಾರು ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ಮೊಣಕಾಲು ಸವೆದ ಮೇಲೆ ಮಾವನಿಗೆ ಅದರೊಳಗೆ ಇಳಿಯುವುದು ಸುಲಭ, ಏಳುವುದು ಕಷ್ಟವಾಯಿತು. ಎದುರುಮನೆಯವರು ಒಂದು ಕೈ, ನಾನೊಂದು ಕೈ ಹಿಡಿದು ಎಳೆಯಬೇಕು. ಕೊನೆಗೆ ಒಂದು ದಿನ ಮಾವನೇ ಹೇಳಿದರು: "ಕಳಿಸಿಬಿಡೋಣ ಕಣೋ. ಓಡೋ ಗಾಡಿ ಹೀಗೆ ಕೂತಿರಬಾರದು." ಹಳೆಯ ಕಾರುಗಳನ್ನು ಸರಿಮಾಡುವ ಬೆಳಗಾವಿಯ ಹೆಣ್ಣುಮಗಳೊಬ್ಬಳು ಇದನ್ನು ಓಡಿಸಿಯೇ ತೀರುತ್ತೇನೆ ಎಂದಿದ್ದಳು.

ಅಲ್ಲಿಂದ ಶುರುವಾಯಿತು ತಯಾರಿ. ಟ್ಯಾಂಕಿನ ಹಳೆಯ ಪೆಟ್ರೋಲ್ ತೆಗೆಸಿದರು, ಬ್ಯಾಟರಿ ವೈರ್ ಬಿಡಿಸಿದರು, ಹೊತ್ತಿಗೊಮ್ಮೆ ಟೈರಿನ ಗಾಳಿ ನೋಡಿದರು. ಅಳತೆ ನೋಡಿ ನೋಡಿಯೇ ಅರ್ಧ ಗಾಳಿ ಹೋಯಿತು!

ನಾಯಂಡಹಳ್ಳಿಯಿಂದ ಟ್ರೇಲರ್ ಬಂತು. ಡ್ರೈವರ್ ಕೊಕ್ಕೆಯನ್ನು ಬಂಪರ್‌ಗೆ ಹಾಕಿದ್ದೇ ತಡ, ಮಾವ ಅಡ್ಡ ನಿಂತರು.

"ಬಂಪರ್ ಇರೋದು ಅಂದಕ್ಕೆ ಕಣಪ್ಪ. ಮೂಗುತಿ ಹಿಡಿದು ಯಾರನ್ನಾದ್ರೂ ಎಳೀತಾರಾ? ಬೆಲ್ಟ್ ಕಟ್ಟೋದು ಆಕ್ಸಲ್‌ಗೆ."

"ಕಟ್ತೀನಿ ಬಿಡಿ ಸಾರ್."

"ಬೇಡ. ನಿನ್ ಕೈಗೆ ಕೊಡೋಕೆ ಧೈರ್ಯ ಬರ್ತಿಲ್ಲ."

ಟ್ರೇಲರ್ ಖಾಲಿ ಹೋಯಿತು. ಎರಡನೆಯ ಸಲ ಬಂದದ್ದು ಸೋಮವಾರ. ಜನ್ಮದಲ್ಲಿ ಪಂಚಾಂಗ ಮುಟ್ಟದ ಮಾವ ರಾಹುಕಾಲ ಎಂದರು. ಅದು ಮುಗಿಯಿತು, ಯಮಗಂಡ ಎಂದರು. ಅದೂ ಮುಗಿಯುವ ಹೊತ್ತಿಗೆ ಡ್ರೈವರ್ ಊಟಕ್ಕೆ ಹೋದ, ಹೋದವನು ಬರಲೇ ಇಲ್ಲ. ಅವನನ್ನು ಬೈಯುವುದಾದರೂ ಹೇಗೆ?

ಸಂಜೆ ಬೆಳಗಾವಿಯಿಂದ ಫೋನ್ ಬಂತು. "ಅಂಕಲ್, ಶನಿವಾರದೊಳಗ ಕಳಸ್ರಿ. ಇಲ್ಲಾಂದ್ರ ಆ ಜಾಗದಾಗ ಬ್ಯಾರೆ ಗಾಡಿ ನಿಲ್ಲಸ್ತೀನಿ." ಮಾವ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲವಂತೆ. ಕಳಿಸಿದರೆ ಪೋರ್ಟಿಕೋ ಬರಿದು, ಕಳಿಸದಿದ್ದರೆ ಕಾರು ಇನ್ನೆಂದೂ ಓಡುವುದಿಲ್ಲ. ಬೇರೆ ಯಾರೂ ಅದನ್ನು ಮುಟ್ಟಲು ಒಪ್ಪಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಟ್ರೇಲರ್ ಮೂರನೆಯ ಸಲ ಬಂತು. ಕಾರನ್ನು ಮೇಲೇರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಲ್‌ಗಳಿಗೆ ಬೆಲ್ಟ್ ಬಿಗಿದದ್ದಾಯಿತು. ಒಳಗೆ ಬಿಡಿ ಸಾಮಾನು ಒಂದೂ ಇರಕೂಡದು, ಐನೂರು ಕಿಲೋಮೀಟರ್ ಉರುಳಾಡಿ ಗಾಜು ಒಡೆಯುತ್ತದೆ ಎಂದು ಮಾವ ಡ್ರೈವರ್ ಮರೆತಿಟ್ಟ ಬೆಂಕಿಪೊಟ್ಟಣಕ್ಕೂ ರೇಗಿದರು. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಕೈಯಲ್ಲಿ ತಟ್ಟೆ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆಅಡಿಕೆ, ಒಂದು ಹಸಿರು ರವಿಕೆ ಕಣ.

"ಅತ್ತೆ, ಒಳಗೆ ಏನೂ ಇಡೋ ಹಾಗಿಲ್ಲವಂತೆ," ಎಂದೆ.

"ಹೆಣ್ಣನ್ನ ಬರೀ ಮಡಿಲಲ್ಲಿ ಕಳಿಸ್ತಾರೇನೋ?" ಎಂದರು ಅತ್ತೆ, ಮೆಲ್ಲಗೆ.

ನಾನು ನಗಲು ಹೊರಟವನು ತಟ್ಟೆಗೆ ಕೈಕೊಟ್ಟೆ. ಅವರಿಬ್ಬರಿಗೆ ಮಕ್ಕಳಿಲ್ಲ. ಮದುವೆಯಾದ ನಲವತ್ತು ವರ್ಷದಲ್ಲಿ ಆ ಮನೆಯಿಂದ ಯಾರನ್ನೂ ಮಡಿಲು ತುಂಬಿ ಕಳಿಸುವ ಯೋಗ ಅತ್ತೆಗೆ ಬಂದಿರಲಿಲ್ಲ.

ಮಾವ ಎಲ್ಲವನ್ನೂ ಆ ರವಿಕೆ ಬಟ್ಟೆಯಲ್ಲಿ ಗಂಟು ಕಟ್ಟಿಸಿಕೊಂಡು, ನನ್ನ ಭುಜ ಹಿಡಿದು ಟ್ರೇಲರ್ ಹತ್ತಿದರು. ಗಂಟನ್ನು ಸೀಟಿನ ಮೇಲಿಟ್ಟು, ಉಳಿದಿದ್ದ ಬೆಲ್ಟಿನಿಂದ ತಾವೇ ಬಿಗಿದರು. ಅಲುಗಾಡಿಸಿ ನೋಡಿ ಇನ್ನೊಮ್ಮೆ ಬಿಗಿದರು.  

ಆಮೇಲೆ ಇಳಿದು ಡ್ರೈವರ್ ಬಳಿ ಹೋಗಿ ಹೇಳಿದರು: "ನಿಧಾನವಾಗಿ ಕರ್ಕೊಂಡು ಹೋಗಪ್ಪ. ಮುಟ್ಟಿದ ತಕ್ಷಣ ಒಂದು ಫೋನ್ ಮಾಡು. ನಮ್ಮ ಮನೆಯವಳು ಎದ್ದೇ ಇರ್ತಾಳೆ."