ಖಂಡೇನವಮಿಯ ಪಿಸ್ತೂಲು

ಮುಂದಿನ ಶತಮಾನದ ಯುದ್ಧಗಳಲ್ಲಿ ವೈರಿಗಳು ಧಾರವಾಡದ ಹೆಸರು ಕೇಳಿದರೆ ಗಡಗಡ ನಡುಗಬೇಕು! ಬಸವಕಿರಣ ಈ ಘೋರ ಶಪಥ ಮಾಡಿದ್ದು ಸಪ್ತಾಪುರದ ತನ್ನ ಮನೆಯ ಬಚ್ಚಲಲ್ಲಿ, ಹಲ್ಲುಜ್ಜುತ್ತ. ಬಾಯಿ ತುಂಬ ನೊರೆ ಇದ್ದುದರಿಂದ ಶಪಥ ಸ್ಪಷ್ಟವಾಗಿ ಹೊರಬರಲಿಲ್ಲ. ಹೆಂಡತಿ ರಾಜೇಶ್ವರಿ ಹೊರಗಿನಿಂದಲೇ, "ಯಾಕ್ರಿ, ಹಲ್ಲು ನೋಯಾಕತ್ತೇತೇನು?" ಎಂದು ಕೇಳಿದಳು.

ಬಸವಕಿರಣನ ನೌಕರಿ ಹುಬ್ಬಳ್ಳಿಯ ಒಂದು ವಿಡಿಯೋ ಗೇಮ್ ಕಂಪನಿಯಲ್ಲಿ. ಮನೆಯಲ್ಲೇ ಕುಳಿತು ಆಟದೊಳಗಿನ ಸಾಮಾನುಗಳನ್ನು ಲ್ಯಾಪ್‌ಟಾಪಿನಲ್ಲಿ ರೂಪಿಸಿಕೊಡುವ ಕೆಲಸ. ಇದುವರೆಗೆ ಅವನ ಪ್ರತಿಭೆಗೆ ದಕ್ಕಿದ್ದು ಬಂಡೆಗಲ್ಲು, ತೂತುಬಿದ್ದ ಬಕೆಟ್ಟು, ಮುರಿದ ಬೇಲಿ ಇಂಥವೇ. ಈ ಸಲ ಮಾತ್ರ ಗಗನನೌಕೆಯಲ್ಲಿ ಓಡಾಡುವ ನಾಯಕನ ಪಿಸ್ತೂಲು! ಗುಂಡಿನ ಬದಲು ಬೆಳಕು ಕಾರುವ ಪಿಸ್ತೂಲು! ಇದೇ ಕೆಲಸವನ್ನು ಕಪಿಲ ಎಂಬ ಇನ್ನೊಬ್ಬನಿಗೂ ಕೊಟ್ಟಿದ್ದರು. ಇಬ್ಬರಲ್ಲಿ ಯಾರದು ಒಪ್ಪಿಗೆಯಾಗುತ್ತದೋ ಅವರ ಹೆಸರು ಆಟದ ಕೊನೆಗೆ ದೊಡ್ಡ ಅಕ್ಷರದಲ್ಲಿ ಬರುವುದಿತ್ತು.

ಆ ಹೆಸರು ಅವನಿಗೆ ಬೇಕಾಗಿದ್ದು ಮಾವನಿಗೆ ತೋರಿಸಲು. ಮಾವ ದ್ಯಾಮಣ್ಣನವರದು ಅಮರಗೋಳದ ಮಾರ್ಕೆಟ್ಟಿನಲ್ಲಿ ಹತ್ತಿಯ ದಲಾಲಿ ಅಂಗಡಿ. ಅಳಿಯನಿಗೆ ಗೇಮ್ ಕಂಪನಿಯವರು ಆಟ ಆಡಲು ಪಗಾರ ಕೊಡುತ್ತಾರೆಂದೇ ಅವರು ತಿಳಿದಿದ್ದರು. ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ, "ಆಟ ಮುಗೀತೇನ್ರಿ ಅಳಿಯಂದ್ರ? ಗೆದ್ರೋ, ಸೋತ್ರೋ?" ಎಂದು ಕೇಳುವರು. ಕೊಂಕಾಗಿ ಕೇಳಿದ್ದರೆ ಬಸವಕಿರಣ ಸಿಟ್ಟಾದರೂ ಆಗಬಹುದಿತ್ತು. ಅವರು ನಿಜವಾದ ಕಾಳಜಿಯಿಂದ ಕೇಳುತ್ತಿದ್ದರು! ಆಯುಧಪೂಜೆಯ ದಿನ, ಖಂಡೇನವಮಿಯ ಊಟಕ್ಕೆ ಮಾವ ಬರುವವರಿದ್ದರು. ಅವತ್ತು ಪಿಸ್ತೂಲು ಒಪ್ಪಿಗೆಯಾದ ಸುದ್ದಿಯನ್ನು ಹೋಳಿಗೆಯ ಜೊತೆಗೇ ಬಡಿಸಬೇಕೆಂದು ಅಳಿಯ ಹಟ ತೊಟ್ಟಿದ್ದ.

ಒಂದೇ ಒಂದು ಸಣ್ಣ ತೊಡಕಿತ್ತು. ಈ ಮಹಾಶಯ ಹುಟ್ಟಿದಾಗಿನಿಂದ ಪಿಸ್ತೂಲು ಮುಟ್ಟಿದವನಲ್ಲ. ಚಿಕ್ಕವನಿದ್ದಾಗ ದೀಪಾವಳಿಯ ಟಿಕಳಿ ಪಟಾಕಿಯ ಪಿಸ್ತೂಲು ಹೊಡೆಯುವಾಗಲೂ ಕಣ್ಣು ಮುಚ್ಚಿ, ಮೋರೆ ಆ ಕಡೆ ತಿರುಗಿಸಿದವನು. ಹೀಗಾಗಿ ಅವನ ಮೊದಲ ಮಾದರಿಯನ್ನು ನೋಡಿದ ಮೇಲಧಿಕಾರಿ ಪ್ರತಾಪ ಸರ್ ಫೋನ್ ಮಾಡಿ, "ನೋಡಾಕ ಭಾರಿ ಐತಿ ಕಿರಣ. ಆದ್ರ ಇದನ್ನ ಹಿಡೀಬೇಕಂದ್ರ ಮನಷ್ಯಾಗ ಏಳು ಬೆರಳು ಬೇಕು. ಮೊದ್ಲ ಮನ್ಯಾಗ ಸಿಕ್ಕ ಸಾಮಾನ್ದಾಗ ಒಂದು ಡಮ್ಮಿ ಮಾಡು, ಕೈಯಾಗ ಹಿಡಿದು ನೋಡು, ಆಮ್ಯಾಲೆ ಕಂಪ್ಯೂಟರಿನ್ಯಾಗ ಮಾಡು. ನಾಳಿ ಮಧ್ಯಾಹ್ನದೊಳಗ ಬೇಕು. ಪರದೇಶದ ಗಿರಾಕಿಗೆ ನಮ್ಮ ಖಂಡೇನವಮಿ ಗೊತ್ತಿಲ್ಲ" ಎಂದರು.

ಮನೆಯಲ್ಲಿ ಸಿಕ್ಕ ಸಾಮಾನು! ರಾಜೇಶ್ವರಿ ಹೂವು ತರಲು ಮಾರ್ಕೆಟ್ಟಿಗೆ ಹೋದದ್ದೇ ತಡ, ಬಸವಕಿರಣ ಅಡಿಗೆಮನೆಯ ಮೇಲೆ ದಂಡೆತ್ತಿ ಹೋದ. ಗ್ಯಾಸ್ ಲೈಟರು ಒತ್ತಿದರೆ ಟಕ್ ಎನ್ನುತ್ತದೆ, ಅದೇ ಪಿಸ್ತೂಲಿನ ಕುದುರೆ! ಕುಕ್ಕರಿನ ಹಿಡಿಕೆಗೆ ಬೆರಳು ಸರಿಯಾಗಿ ಕೂರುತ್ತದೆ, ಅದೇ ಹಿಡಿ! ಚಕ್ಕಲಿ ಒತ್ತುವ ಹಿತ್ತಾಳೆಯ ಕೊಳವೆಗೆ ಗಾಂಭೀರ್ಯವಿದೆ, ಅದೇ ನಳಿಗೆ! ಸ್ಕ್ರೂ ಬಿಚ್ಚಿ, ಮೂರನ್ನೂ ಕರಿ ಟೇಪಿನಿಂದ ಬಿಗಿದು ಕಟ್ಟಿ ಕನ್ನಡಿಯ ಮುಂದೆ ನಿಂತ. ಕನ್ನಡಿಯೊಳಗಿನವನನ್ನು ಕಂಡು ಅವನಿಗೇ ಒಂದು ಕ್ಷಣ ಭಯವಾಯಿತು! ಸಂಜೆಯೊಳಗೆ ಲ್ಯಾಪ್‌ಟಾಪಿನಲ್ಲಿ ಮುಕ್ಕಾಲು ಪಿಸ್ತೂಲು ಮೂಡಿಬಂತು. ಉಳಿದ ಕಾಲು ಬೆಳಿಗ್ಗೆ ಸ್ನಾನ ಮಾಡಿ, ಪ್ರಸನ್ನಚಿತ್ತನಾಗಿ ಮುಗಿಸುವುದು ಎಂದು ಡಮ್ಮಿಯನ್ನು ಮೇಜಿನ ಮೇಲೆಯೇ ಬಿಟ್ಟ. ರಾತ್ರಿ ಲೈಟರು ಕಾಣದೆ ರಾಜೇಶ್ವರಿ ಕಡ್ಡಿ ಗೀರಿಯೇ ಒಲೆ ಹಚ್ಚಿದಳು.

ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡಿದರೆ ಮೇಜು ಬಟಾಬಯಲು.

ಲ್ಯಾಪ್‌ಟಾಪು ದೇವರ ಮುಂದೆ ಮಣೆಯ ಮೇಲೆ ಕುಳಿತಿತ್ತು. ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮೌಸಿನ ತಲೆಯ ಮೇಲೆ ಚೆಂಡುಹೂ. ಪಕ್ಕದಲ್ಲಿ ಈಳಿಗೆ, ಸುತ್ತಿಗೆ, ಸ್ಕೂಟರಿನ ಕೀಲಿ. ಎಲ್ಲಕ್ಕೂ ಮುಂದೆ, ಕೊರಳಿಗೆ ಹೂಮಾಲೆ ಹಾಕಿಕೊಂಡು ಅವನ ಪಿಸ್ತೂಲು! ಅವ್ವ ರತ್ನವ್ವ ಕರ್ಪೂರ ಬೆಳಗಿ ಕೈಮುಗಿಯುತ್ತಿದ್ದಳು.

"ಅವ್ವಾ! ಇದನ್ಯಾಕ ಇಲ್ಲಿಟ್ಟಿ?"

"ನಿನ್ನ ಅನ್ನದ ಸಾಮಾನಲ್ಲೇನೋ ಯಪ್ಪಾ? ಪೂಜಾ ಬ್ಯಾಡೇನು ಅದಕ್ಕ?"

"ಮಧ್ಯಾಹ್ನದೊಳಗ ಕೆಲಸ ಕಳಸಬೇಕು!"

"ಪೂಜಾಕ್ಕ ಇಟ್ಟದ್ದನ್ನ ನಾಳಿತನಕ ಮುಟ್ಟಂಗಿಲ್ಲ. ವರ್ಷಾನುಗಟ್ಲೆ ದುಡೀತಾವು, ಒಂದಿನ ದಣಿವಾರಿಸ್ಕೊಳ್ಳಿ."

ಅಷ್ಟರಲ್ಲಿ ಅಡಿಗೆಮನೆಯಿಂದ ರಾಜೇಶ್ವರಿಯ ದನಿ ಬಂತು. "ಏನ್ರಿ, ಲೈಟರ್ ಎಲ್ಲೈತ್ರಿ? ಕುಕ್ಕರಿಗೆ ಹಿಡಿಕಿನ ಇಲ್ಲ! ಹೂರಣಕ್ಕ ಬ್ಯಾಳಿ ಇಡೂದು ಹ್ಯಾಂಗ?" ಬಸವಕಿರಣ ಅವ್ವನ ಹಿಂದೆ ಸರಿದ. ಅವಳೇ ಬಂದು ಪೂಜೆಯ ಕಡೆ ನೋಡಿದಳು. ಹೂಮಾಲೆಯ ಸಂದಿಯಲ್ಲಿ ತನ್ನ ಲೈಟರು, ತನ್ನ ಹಿಡಿಕೆ, ತವರಿನಿಂದ ತಂದ ಚಕ್ಕಲಿಯ ಕೊಳವೆ ಒಂದೊಂದಾಗಿ ಗುರುತು ಸಿಕ್ಕವು. ಆಮೇಲೆ ಗಂಡನ ಕಡೆ ನೋಡಿದಳು. ಬೆಳಕು ಕಾರುವ ಪಿಸ್ತೂಲನ್ನು ಕಲ್ಪಿಸಿಕೊಳ್ಳಲು ಅವನು ಅಷ್ಟು ಕಷ್ಟಪಡಬೇಕಾಗಿರಲಿಲ್ಲ, ಆ ಕಣ್ಣುಗಳನ್ನು ನೋಡಿದ್ದರೆ ಸಾಕಿತ್ತು.

ಅದೇ ಹೊತ್ತಿಗೆ ದ್ಯಾಮಣ್ಣನವರು ಅಂಗಡಿಯ ತಕ್ಕಡಿಗೆ ಪೂಜೆ ಮುಗಿಸಿ, ಜೋರು ಹಸಿವಿನೊಂದಿಗೆ ಬಂದಿಳಿದರು. "ಆಟ ಮುಗೀತೇನ್ರಿ..." ಎಂದವರು ದೇವರ ಕಡೆ ತಿರುಗಿ ಅಲ್ಲೇ ನಿಂತರು. ಚಪ್ಪಲಿ ಬಿಟ್ಟ ಕಾಲನ್ನು ಮತ್ತೆ ಚಪ್ಪಲಿಯೊಳಗೆ ತೂರಿಸಿದರು.

"ಅಳಿಯಂದ್ರ... ಅದಕ್ಕ ಲೈಸನ್ಸ್ ಐತೇನ್ರಿ?"

ಮಾವನ ದನಿಯಲ್ಲಿ ನಡುಕ! ಮದುವೆಯಾದ ಮೇಲೆ ಮೊಟ್ಟಮೊದಲ ಬಾರಿಗೆ ಬಸವಕಿರಣನಿಗೆ ಎದೆ ಉಬ್ಬಿತು. ಸುಳ್ಳು ಹೇಳಲಿಲ್ಲ, ಖರೇನೂ ಹೇಳಲಿಲ್ಲ. "ಕೂಡ್ರಿ ಮಾವಾರ, ಅಂಜಬ್ಯಾಡ್ರಿ" ಎಂದು ದಪ್ಪ ದನಿಯಲ್ಲಿ ಹೇಳಿ ಮೀಸೆಯ ಮೇಲೆ ಕೈಯಾಡಿಸಿದ. ಮೀಸೆ ಇರಲಿಲ್ಲ, ಆದರೂ ಆಡಿಸಿದ.

ಅಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಲ್ಯಾಪ್‌ಟಾಪು ಮುಟ್ಟುವಂತಿಲ್ಲ ಸರಿ, ಫೋನಂತೂ ತನ್ನ ಜೇಬಿನಲ್ಲೇ ಇದೆ! ವಿಡಿಯೋ ಕಾಲ್ ಮಾಡಿ ಪ್ರತಾಪ ಸರ್‌ಗೆ ಡಮ್ಮಿಯನ್ನೇ ತೋರಿಸಿದ.

"ಛಲೋ ಕಾಣತೈತಿ! ಕೈಯಾಗ ಹಿಡಿದು ತೋರ್ಸು."

"ಮುಟ್ಟಂಗಿಲ್ಲ ಸರ್. ಪೂಜಾ ಆಗೇತಿ."

"ಕಪಿಲಂದು ಆಗ್ಲೇ ಬಂದೈತಿ ಕಿರಣ. ಹಿಡಿದು ತೋರಿಸದಿದ್ರ ನಾ ಹ್ಯಾಂಗ ಹೇಳ್ಲಿ?"

ಬಸವಕಿರಣ ಅವ್ವನ ಕಡೆ ದೈನ್ಯದಿಂದ ನೋಡಿದ. ಅವ್ವ ತಲೆ ಅಲ್ಲಾಡಿಸಿದಳು. ಮಾವನೂ, "ನಾವೂ ತಕ್ಕಡಿ ಮುಟ್ಟಿಲ್ರಿ ಇವತ್ತ" ಎಂದು ಅವ್ವನ ಪಕ್ಷ ಸೇರಿದರು. ಆಗ ರಾಜೇಶ್ವರಿ ಅತ್ತೆಯ ಮುಂದೆ ಬಂದು ನಿಂತಳು.

"ಅತ್ತಿ, ಇದ್ದ ಕಡ್ಡಿಪೆಟ್ಟಿಗಿ ನಿಮ್ಮ ಕರ್ಪೂರಕ್ಕ ಖಾಲಿ ಆತು. ದೇವರ ದೀಪದಿಂದ ಒಲಿ ಹಚ್ಚಬ್ಯಾಡ ಅಂತೀರಿ. ದೇವರಿಗೆ ಹೋಳಿಗಿ ಎಡಿ ಹಿಡಿಯೂದು ಬ್ಯಾಡೇನ್ರಿ?"

ರತ್ನವ್ವ ವಿಚಾರ ಮಾಡಿದಳು. ಧರ್ಮಸೂಕ್ಷ್ಮ! "ಎಡಿ ಸಲುವಾಗಿ ಆದ್ರ ತಪ್ಪಿಲ್ಲವಾ, ತಗೋ" ಎಂದು ತೀರ್ಪು ಕೊಟ್ಟಳು.

ರಾಜೇಶ್ವರಿ ಪಿಸ್ತೂಲಿಗೆ ಕೈಮುಗಿದು, ಹಾರ ಸಮೇತ ಎತ್ತಿಕೊಂಡು ಅಡಿಗೆಮನೆಗೆ ನಡೆದಳು. ಅವಳ ಹಿಂದೆ ಫೋನು ಹಿಡಿದ ಬಸವಕಿರಣ, ಅವನ ಹಿಂದೆ ಅಂಜುತ್ತ ಮಾವ. ಅವಳು ಒಲೆಗೆ ಗುರಿಯಿಟ್ಟಳು. ಟಕ್! ಟಕ್! ಭಗ್ಗನೆ ನೀಲಿ ಉರಿ ಎದ್ದಿತು.

ದ್ಯಾಮಣ್ಣನವರು ಕಣ್ಣು ಪಿಳಿಪಿಳಿ ಬಿಟ್ಟರು. "ಏ ಹುಡುಗಿ, ಇದು ಲೈಟರಾ?" ಎಂದು ಗೋಡೆ ಹಿಡಿದು ನಗತೊಡಗಿದರು. ಬಸವಕಿರಣನ ಇಲ್ಲದ ಮೀಸೆ ಅಲ್ಲಿಯೇ ಮಣ್ಣಾಯಿತು. ಆದರೆ ಫೋನಿನೊಳಗಿಂದ ಪ್ರತಾಪ ಸರ್, "ವಾಹ್! ಕಿರಣ, ಭಾರಿ ಐಡಿಯಾ! ಸಂಜೀಮುಂದ ಫೋನ್ ಮಾಡ್ತೇನಿ" ಎಂದು ಕೂಗಿದರು. ಅವನಿಗೆ ಹೋದ ಜೀವ ಬಂದಂತಾಯಿತು. ಹೋಳಿಗೆ ತಡವಾದರೂ ಎರಡು ಹೆಚ್ಚಿಗೆ ತಿಂದ.

ಸಂಜೆ ಫೋನು ಬಂತು. ಎಲ್ಲರೂ ಕೇಳಲೆಂದು ಬಸವಕಿರಣ ಸ್ಪೀಕರ್ ಹಾಕಿ ನಡುಮನೆಯಲ್ಲಿ ನಿಂತ.

"ಕಿರಣ, ಹೀರೋಂದು ಪಿಸ್ತೂಲು ಕಪಿಲಂದ ಫೈನಲ್ ಆತು. ಆದ್ರ ನಿಂದು ಗಿರಾಕಿಗೆ ಭಾಳ ಮನಸಿಗೆ ಬಂದೈತಿ! ಗಗನನೌಕೆಯಾಗ ಅಡಿಗಿಮನಿ ಐತೆಲ್ಲ, ಅಲ್ಲಿ ಒಲಿ ಹಚ್ಚಾಕ ಇಡ್ತಾರಂತ. ನಿನ್ನ ಹೆಸರೂ ಬರ್ತೈತಿ, ಅಡಿಗಿ ಸಾಮಾನಿನ ವಿಭಾಗದಾಗ."

ರಾಜೇಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬಸವಕಿರಣನಿಗೆ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ದ್ಯಾಮಣ್ಣನವರು ಮಾತ್ರ ನಗಲಿಲ್ಲ. ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು, ಬಹಳ ದಿನದ ಲೆಕ್ಕ ಬಗೆಹರಿದವರಂತೆ ತಲೆದೂಗುತ್ತ ಬಸ್ಸು ಹಿಡಿಯಲು ಹೊರಟುಹೋದರು.

ಮರುದಿನ ಅವರು ದಸರೆಯ ಬನ್ನಿ ಕೊಡಲು ಮತ್ತೆ ಬಂದರು. ಚಪ್ಪಲಿ ಬಿಟ್ಟರು. ಆಟ ಮುಗಿಯಿತೇ ಎಂದು ಕೇಳಲಿಲ್ಲ! ಬಸವಕಿರಣನ ಕೈಗೆ ಬನ್ನಿ ಇಟ್ಟು, "ಬಂಗಾರದಂಗ ಇರೂಣ್ರಿ" ಎಂದು ಎರಡೂ ಕೈ ಹಿಡಿದುಕೊಂಡರು. "ಅಳಿಯಂದ್ರ, ಇಷ್ಟ ದಿನ ಮಾರ್ಕೆಟ್ಟಿನ್ಯಾಗ ಯಾರರ ಕೇಳಿದ್ರ ನಿಮ್ಮ ಕೆಲಸ ಏನಂತ ಹೇಳಾಕ ಬರ್ತಿದ್ದಿಲ್ಲ. ಇವತ್ತ ಎದಿ ಮುಟ್ಟಿ ಹೇಳಿ ಬಂದೇನಿ."

ಬಸವಕಿರಣನ ಕಣ್ಣು ಒದ್ದೆಯಾದವು. ಮಾವ ಕಡೆಗೂ ತನ್ನನ್ನು ಅರ್ಥಮಾಡಿಕೊಂಡರು!

ದ್ಯಾಮಣ್ಣನವರು ಕೈಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಖಣಖಣ ಎಂದು ಹಳೆಯ ಗ್ಯಾಸ್ ಲೈಟರುಗಳ ರಾಶಿಯೇ ಬಿತ್ತು.

"ಎಲ್ಲಾ ನಮ್ಮ ಮಾರ್ಕೆಟ್ಟಿನವರದ್ರಿ. ಕಿಡಿ ಹಾರಾಕತ್ತಿಲ್ಲಂತ. ಅವಸರ ಇಲ್ರಿ, ನಿಧಾನಕ್ಕ ರಿಪೇರಿ ಮಾಡ್ರಿ."

ಒಳಗಿನಿಂದ ರಾಜೇಶ್ವರಿ ಕೂಗಿದಳು: "ಮೊದ್ಲ ನನ್ನ ಕುಕ್ಕರಿನ ಹಿಡಿಕಿ ಕೂಡಿಸ್ರಿ!"